ಗಂಟು ಹಾಕುವ ಕೈ ಯಾರದು?

ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಮಕ್ಕಳನ್ನು ಸೇರಿಸಿರುವ ಅಪ್ಪ ಅಮ್ಮಂದಿರ ಮೇಲೆ ನನ್ನದೊಂದು ದೂರಿದೆ. ಮಕ್ಕಳಿಗೆ ಬೆಂಬಲ ಕೊಡುತ್ತಿಲ್ಲ ಎಂದು ಯಾರೂ ಅವರನ್ನು ದೂರಲಾರರು. ಕೊಡುತ್ತಿದ್ದಾರೆ, ಧಾರಾಳವಾಗಿ ಕೊಡುತ್ತಿದ್ದಾರೆ, ಆದರೆ ಬೇಡದ ಕಡೆಯಲ್ಲೇ ಕೊಡುತ್ತಿದ್ದಾರೆ. ಸ್ಕಾರ್ಫ್ ಸುತ್ತಿಕೊಡುವುದು ಅಮ್ಮ, ಶಿಬಿರದ ಬ್ಯಾಗ್ ತುಂಬುವುದೂ ಅಮ್ಮ, ಲಾಗ್ ಬುಕ್ ಬರೆಯುವುದು ಅಕ್ಕ, ಅದರಲ್ಲಿ ಎಲೆ ಹೂವು ಅಂಟಿಸುವುದು ಅಣ್ಣ, ಶಿಬಿರದ ಗೇಟಿನ ಮುಂದೆ ಬೈಕ್ ನಿಲ್ಲಿಸಿ ದಿನಕ್ಕೊಮ್ಮೆ ಒಳಗೆ ಇಣುಕುವುದು ಅಪ್ಪ. ಮೂರ್ನಾಲ್ಕು ವರ್ಷ ಹೀಗೆ ನಡೆದು ರಾಜ್ಯ ಪುರಸ್ಕಾರದ ಪ್ರಮಾಣಪತ್ರ ಮನೆಗೆ ಬಂದಾಗ ಅದರ ಮೇಲೆ ಮಗುವಿನದು ಎನ್ನಲು ಇರುವುದು ಹೆಸರೊಂದೇ.

ಈ ಪತ್ರಿಕೆ ಓದುವವರಲ್ಲಿ ಅಪ್ಪ ಅಮ್ಮಂದಿರಿಗಿಂತ ಅಕ್ಕ ಅಣ್ಣಂದಿರು, ಚಿಕ್ಕಮ್ಮ ಸೋದರಮಾವಂದಿರೇ ಹೆಚ್ಚು ಎಂದು ಗೊತ್ತು. ದೂರಿನಲ್ಲಿ ನಿಮಗೂ ಪಾಲಿದೆ, ಅಲ್ಲಿಗೆ ಬರುತ್ತೇನೆ.

ಮೊದಲು ಈ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಸ್ಕೌಟ್ ಎಂದರೆ ಗಣರಾಜ್ಯೋತ್ಸವದ ದಿನ ಮೈದಾನದಲ್ಲಿ ಸಾಲಾಗಿ ನಡೆಯುವ ಮಕ್ಕಳು ಎಂದಷ್ಟೇ ಹೊರಗಿನವರು ತಿಳಿದಿದ್ದಾರೆ. ಚಿಕ್ಕವರು ಕಬ್ ಮತ್ತು ಬುಲ್‌ಬುಲ್. ಹತ್ತು ವರ್ಷ ದಾಟಿದ ಹುಡುಗರು ಸ್ಕೌಟ್, ಹುಡುಗಿಯರು ಗೈಡ್. ಆಮೇಲಿನವರು ರೋವರ್, ರೇಂಜರ್. ಸ್ಕೌಟ್ ಮತ್ತು ಗೈಡ್ ಆದವರಿಗೆ ಪ್ರವೇಶದಿಂದ ಶುರುವಾಗಿ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ನಂತರ ರಾಜ್ಯ ಪುರಸ್ಕಾರ, ಕೊನೆಯಲ್ಲಿ ರಾಷ್ಟ್ರಪತಿ ಪುರಸ್ಕಾರ ಎಂದು ಮೆಟ್ಟಿಲುಗಳಿವೆ. ಮೆಟ್ಟಿಲುಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅಷ್ಟಾಗಿ ಕಣ್ಣಿಗೆ ಬೀಳದ್ದು ಪ್ಯಾಟ್ರೋಲ್. ಆರರಿಂದ ಎಂಟು ಮಕ್ಕಳ ಒಂದು ಗುಂಪು, ಅವರಲ್ಲೇ ಒಬ್ಬ ಲೀಡರ್. ಟೆಂಟ್ ಹಾಕುವುದು, ಅಡುಗೆ ಮಾಡುವುದು, ಜಗಳ ತೀರಿಸುವುದು ಎಲ್ಲವೂ ಆ ಗುಂಪಿನ ಜವಾಬ್ದಾರಿ. ಹದಿಮೂರರ ಹುಡುಗಿ ಹನ್ನೊಂದರ ಹುಡುಗಿಗೆ ಕಲಿಸುತ್ತಾಳೆ. ಪ್ಯಾಟ್ರೋಲ್ ಲೀಡರುಗಳು ಸೇರುವ ಕೋರ್ಟ್ ಆಫ್ ಆನರ್ ಎಂಬ ಸಭೆಯಲ್ಲಿ ಮಕ್ಕಳೇ ತಮ್ಮ ದಳದ ವಿಷಯ ತೀರ್ಮಾನಿಸುತ್ತಾರೆ. ಕನಿಷ್ಠ ಪುಸ್ತಕದಲ್ಲಿ ಹಾಗಿದೆ.

1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಮೊದಲ ಶಿಬಿರವೂ ಇದೇ ಪ್ರಯೋಗ. ಸುಮಾರು ಇಪ್ಪತ್ತು ಹುಡುಗರು, ನಾಲ್ಕು ಪ್ಯಾಟ್ರೋಲ್. ದುಬಾರಿ ಖಾಸಗಿ ಶಾಲೆಗಳ ಹುಡುಗರನ್ನೂ ಪೂಲ್, ಬೋರ್ನ್‌ಮತ್ ಕಡೆಯ ಕೂಲಿ ಮನೆಗಳ ಹುಡುಗರನ್ನೂ ಒಂದೇ ಗುಂಪಿಗೆ ಹಾಕಿದ್ದರು. ಪ್ರತಿ ಗುಂಪಿಗೂ ಒಬ್ಬ ಹುಡುಗನೇ ಮುಖಂಡ, ಗುಂಪಿನ ನಡವಳಿಕೆಗೆ ಅವನೇ ಹೊಣೆ. ಈ ಪದ್ಧತಿಯನ್ನು ತೆಗೆದುಬಿಟ್ಟರೆ ಸ್ಕೌಟಿಂಗ್‌ನಲ್ಲಿ ಉಳಿಯುವುದು ಸಮವಸ್ತ್ರ ಮತ್ತು ಸೀಟಿ. ನಾವು ಮನೆಯಲ್ಲಿ ಕೂತು, ಪ್ರೀತಿಯಿಂದಲೇ, ತೆಗೆಯುತ್ತಿರುವುದು ಇದನ್ನೇ.

ಏಕೆ ಹೀಗಾಯಿತು ಎಂದು ಹುಡುಕಲು ಬಹಳ ದೂರ ಹೋಗಬೇಕಿಲ್ಲ. ರೈಲ್ವೆ ನೇಮಕಾತಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ. ಸಿಇಟಿಯ ವಿಶೇಷ ವರ್ಗಗಳಲ್ಲೂ ಅದರ ಹೆಸರಿದೆ. ಇರಲಿ, ತಪ್ಪೇನಿಲ್ಲ. ಹಳ್ಳಿಯ ಹುಡುಗನೊಬ್ಬನಿಗೆ ಅದರಿಂದ ಕೆಲಸ ಸಿಕ್ಕರೆ ನಾನೂ ಖುಷಿಪಡುತ್ತೇನೆ. ಆದರೆ ಮಗು ಐದನೇ ತರಗತಿಯಲ್ಲಿ ಸ್ಕಾರ್ಫ್ ಕಟ್ಟಿದ ದಿನವೇ ಮನೆಯಲ್ಲಿ ಈ ಲೆಕ್ಕ ಶುರುವಾದರೆ ಮುಂದಿನದೆಲ್ಲ ಅದರ ಕೈಯಿಂದ ಜಾರುತ್ತದೆ. ಮೆಟ್ಟಿಲು ಹತ್ತುವುದು ತಡವಾಗಬಾರದು, ಬ್ಯಾಡ್ಜ್ ತಪ್ಪಬಾರದು, ದಾಖಲೆಯಲ್ಲಿ ಒಂದು ಪುಟವೂ ಖಾಲಿ ಇರಬಾರದು. ಆಗ ಪ್ರಾವೀಣ್ಯದ ಬ್ಯಾಡ್ಜ್‌ಗೆ ತಿಂಗಳುಗಟ್ಟಲೆ ಮಾಡಬೇಕಾದ ಕೆಲಸವನ್ನು ಒಂದು ಭಾನುವಾರ ಮಧ್ಯಾಹ್ನ ಮೊಬೈಲಿನಲ್ಲಿ ಫೋಟೋ ತೆಗೆದು ಮುಗಿಸುತ್ತಾರೆ. ಮಗು ಗಿಡದ ಪಕ್ಕ ನಿಲ್ಲುತ್ತದೆ, ಪೊರಕೆ ಹಿಡಿದು ನಿಲ್ಲುತ್ತದೆ, ಅಜ್ಜಿಯ ಕೈಹಿಡಿದು ರಸ್ತೆಯಂಚಿನಲ್ಲಿ ನಿಲ್ಲುತ್ತದೆ. ಆ ಅಜ್ಜಿಗೆ ರಸ್ತೆ ದಾಟುವುದೇ ಇರಲಿಲ್ಲ.

ಈಗ ಲಾಗ್ ಬುಕ್ಕಿನ ಮಾತು. ಕಳೆದ ವರ್ಷ ನಮ್ಮ ಬಳಗದಲ್ಲೊಬ್ಬರು ಫೋನ್ ಮಾಡಿ, "ನೀನು ಪಿಎಚ್‌ಡಿ ಮಾಡ್ತಿದೀಯಲ್ಲ, ಇವನ ಲಾಗ್ ಬುಕ್ಕು ಸ್ವಲ್ಪ ಚೆನ್ನಾಗಿ ಬರ್ಕೊಡೇ" ಎಂದರು. ಕನ್ನಡ ಸಂಶೋಧನೆಯಿಂದ ಬಂಧುಗಳಿಗೆ ಆಗಬಹುದಾದ ಉಪಕಾರ ಇದೊಂದೇ ಎಂಬ ಧ್ವನಿ ಆ ಮಾತಿನಲ್ಲಿತ್ತು. ಆಗಲ್ಲ ಎಂದೆ. ಆದರೆ ಹುಡುಗ ತಾನೇ ಬರೆದುಕೊಂಡಿದ್ದ ಕಚ್ಚಾ ಹಾಳೆಗಳನ್ನು ತರಿಸಿಕೊಂಡು ಓದಿದೆ. ಸಂಜೆ ಮಳೆ ಬಂತು, ಟೆಂಟ್ ಬಿತ್ತು, ನಮ್ಮ ಗೂಟ ಸರಿ ಇರಲಿಲ್ಲ, ಉಪ್ಪಿಟ್ಟು ತಳ ಹಿಡಿಯಿತು, ಆದರೂ ತಿಂದೆವು, ರಾತ್ರಿ ನರಿ ಕೂಗಿತು, ನರಿಯೋ ನಾಯಿಯೋ ಗೊತ್ತಾಗಲಿಲ್ಲ ಎಂದು ಆತ ಬರೆದಿದ್ದ. ಒಂದು ವಾರದ ನಂತರ ಯಾರೋ ಶುದ್ಧಪ್ರತಿ ಮಾಡಿಕೊಟ್ಟಿದ್ದನ್ನೂ ನೋಡಿದೆ. ಅದರಲ್ಲಿ ಪ್ರಕೃತಿಮಾತೆಯ ಮಡಿಲು ಬಂದಿತ್ತು, ಅವಿಸ್ಮರಣೀಯ ಕ್ಷಣಗಳು ಬಂದಿದ್ದವು, ಸಹಬಾಳ್ವೆಯ ಮಹತ್ವ ಬಂದಿತ್ತು. ಗೂಟ ಇರಲಿಲ್ಲ. ನರಿಯೂ ಇರಲಿಲ್ಲ.

ಸಾಹಿತ್ಯ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನರಿಯೋ ನಾಯಿಯೋ ಗೊತ್ತಾಗಲಿಲ್ಲ ಎಂಬ ಮಾತು ಗದ್ಯ. ಕಣ್ಣು ಕಿವಿ ತೆರೆದಿಟ್ಟುಕೊಂಡು ತನಗೆ ಗೊತ್ತಾದದ್ದನ್ನೂ ಗೊತ್ತಾಗದ್ದನ್ನೂ ಬೇರೆಬೇರೆ ಮಾಡಿ ಬರೆಯುವುದನ್ನು ನಮ್ಮ ವಿಭಾಗದಲ್ಲಿ ಎಂ.ಎ. ಮಕ್ಕಳಿಗೆ ಎರಡು ವರ್ಷ ಕಲಿಸುತ್ತಾರೆ, ಆದರೂ ಎಲ್ಲರಿಗೂ ಬರುವುದಿಲ್ಲ. ಹನ್ನೆರಡರ ಹುಡುಗನಿಗೆ ಒಂದು ಬಿದ್ದ ಟೆಂಟಿನಿಂದ ಅದು ಬಂದಿತ್ತು. ಅದನ್ನು ಅಳಿಸಿ ಆ ಜಾಗಕ್ಕೆ ಭಾಷಣ ಸ್ಪರ್ಧೆಯ ಕನ್ನಡ ತುಂಬಿದವರು ಯಾರೇ ಆಗಿರಲಿ, ಅವರ ಅಕ್ಷರ ಮಾತ್ರ ತುಂಬಾ ದುಂಡಗಿತ್ತು. ಲಾಗ್ ಬುಕ್ ಎಂಬುದು ಮಗು ತನ್ನ ಬದುಕಿನ ಬಗ್ಗೆ ತಾನೇ ಬರೆಯುವ ಮೊದಲ ಪುಸ್ತಕ. ಗೀಚಿರಲಿ, ಕಾಗುಣಿತ ತಪ್ಪಿರಲಿ, ಉಪ್ಪಿಟ್ಟಿನ ಎಣ್ಣೆ ಹತ್ತಿರಲಿ. ಪರೀಕ್ಷಿಸುವ ದೊಡ್ಡವರು ಅಂಥ ಪುಸ್ತಕಕ್ಕೆ ಕಡಿಮೆ ಅಂಕ ಕೊಡುತ್ತಾರೆ ಎಂಬ ಅಳುಕಿದ್ದರೆ ಅಪ್ಪ ಅಮ್ಮ ಹೋಗಿ ಮಾತಾಡಬೇಕಾದದ್ದು ಅವರ ಹತ್ತಿರ.

ಬೆಂಬಲ ಎಂದರೆ ಏನೂ ಮಾಡದೆ ಕೂರುವುದಾ ಎಂದು ಕೇಳಬಹುದು. ನಾನು ಶಿವಮೊಗ್ಗ ಜಿಲ್ಲೆಯ ಒಂದು ಹೋಬಳಿ ಊರಿನ ಹೈಸ್ಕೂಲಿನಲ್ಲಿ ಗೈಡ್ ಆಗಿದ್ದವಳು. ನಮ್ಮಪ್ಪನಿಗೆ ಗೈಡ್ ಎಂದರೆ ಪರೀಕ್ಷೆಗೆ ಓದುವ ಪುಸ್ತಕ ಎಂಬುದಷ್ಟೇ ಗೊತ್ತಿತ್ತು. ಒಂದು ಸಂಜೆ ಜಗಲಿಯ ಕಂಬಕ್ಕೆ ಕ್ಲೋವ್ ಹಿಚ್ ಹಾಕಿ ಹಾಕಿ ಬಿಚ್ಚುತ್ತಿದ್ದಾಗ ಬಂದು ನೋಡಿ, "ಇದು ದನ ಕಟ್ಟೋ ಗಂಟಲ್ವೇನೇ? ಇದಕ್ಕೆ ಸ್ಕೂಲಲ್ಲಿ ಬ್ಯಾಡ್ಜ್ ಕೊಡ್ತಾರಾ?" ಎಂದರು. ಆಮೇಲೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಹಗ್ಗ ನನ್ನ ಕೈಗೇ ಕೊಟ್ಟರು. ಕಂಬಕ್ಕೆ ಹಾಕುವ ಗಂಟು ಬೇರೆ, ದನದ ಕುತ್ತಿಗೆಗೆ ಹಾಕುವುದು ಬೇರೆ ಎಂದು ಗೊತ್ತಾದದ್ದು ಅಲ್ಲಿ. ಕುತ್ತಿಗೆಗೆ ಜಾರುವ ಕುಣಿಕೆ ಹಾಕಿದರೆ ದನ ಎಳೆದಷ್ಟೂ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಜಾರದ ಕುಣಿಕೆ ಬೇಕು. ಸ್ಕೌಟ್ ಪುಸ್ತಕದಲ್ಲಿ ಅದರ ಹೆಸರು ಬೋಲೈನ್, ಬಾವಿಗೆ ಬಿದ್ದವರನ್ನು ಮೇಲೆತ್ತಲೂ ಅದೇ. ಅಪ್ಪ ಒಂದು ಗಂಟನ್ನೂ ನನಗಾಗಿ ಹಾಕಲಿಲ್ಲ. ಹಾಕಿದ್ದು ಬಿಚ್ಚಿಹೋಗಿ ಕರು ಒಮ್ಮೆ ಪಕ್ಕದವರ ತೋಟಕ್ಕೆ ನುಗ್ಗಿದಾಗ ಹಿಡಿದು ತರಲು ಜೊತೆಗೆ ಬಂದರು.

ಕಗ್ಗಂಟು, ಜೀರುಗುಣಿಕೆ, ಬ್ರಹ್ಮಗಂಟು ಎಂದು ಗಂಟಿಗೆ ನಮ್ಮಲ್ಲಿ ಪದಗಳೇನೂ ಕಡಿಮೆಯಿಲ್ಲ. ಅಡಿಕೆ ಮರ ಹತ್ತುವ ಕೊನೆಗಾರನ ಕಾಲಿನ ತಳೆ, ಮೀನುಗಾರನ ಬಲೆ, ಹೂವು ಕಟ್ಟುವವಳ ಬಾಳೆನಾರು, ಎಲ್ಲವೂ ಗಂಟಿನ ವಿದ್ಯೆಯೇ. ಯೂಟ್ಯೂಬಿನಲ್ಲಿ ಇಂಗ್ಲಿಷ್ ವಿಡಿಯೋ ಹಾಕಿ ಮಗುವಿನ ಮುಂದೆ ಇಡುವ ಬದಲು ಮನೆಯಲ್ಲೇ ಇರುವ ಇಂಥ ಒಂದು ಕೈಗೆ ಮಗುವನ್ನು ಜೋಡಿಸಿದರೆ ಅದೇ ದೊಡ್ಡ ಸಹಾಯ. ತಮಗೆ ಇಂಗ್ಲಿಷ್ ಬಾರದು, ಸ್ಕೌಟ್ ಗೊತ್ತಿಲ್ಲ ಎಂದು ಹಿಂಜರಿಯುವ ರೈತ, ಕೂಲಿ, ಬಡಗಿ ಅಪ್ಪ ಅಮ್ಮಂದಿರ ಹತ್ತಿರ ಈ ವಿಷಯದಲ್ಲಿ ನಗರದ ಅಪಾರ್ಟ್‌ಮೆಂಟಿನವರ ಹತ್ತಿರ ಇಲ್ಲದಷ್ಟು ಬಂಡವಾಳವಿದೆ. ಅವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಅವರಿಗೆ ಬರುವುದು ಸಮವಸ್ತ್ರದ ಚೀಟಿ ಮಾತ್ರ.

ಇನ್ನೊಂದು ತಕರಾರು ನನ್ನ ಜೊತೆಯ ಸಂಶೋಧಕರಿಂದಲೇ ಬರುತ್ತದೆ. ಇದು ಸಾಮ್ರಾಜ್ಯಶಾಹಿಯ ಕೂಸಲ್ಲವೇ, ಸೈನಿಕನೊಬ್ಬ ಕಟ್ಟಿದ್ದಲ್ಲವೇ ಎಂದು. ನಿಜ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ, ಆಗ ಅದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗೆ ಮಾತ್ರ. ಕಬ್ ಮಕ್ಕಳ ಅಕೇಲನನ್ನು ತಂದದ್ದು ಕಿಪ್ಲಿಂಗನ ಕಾಡಿನಿಂದ. ನಮ್ಮದೇ ಮಧ್ಯಭಾರತದ ತೋಳಗಳು ಲಂಡನ್ನಿಗೆ ಹೋಗಿ ಟೋಪಿ ಹಾಕಿಕೊಂಡು ವಾಪಸು ಬಂದವು. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಒಳಗೆ ಬಿಡದಿದ್ದಾಗ ಆನಿ ಬೆಸೆಂಟ್ ಮದ್ರಾಸಿನಲ್ಲಿ, ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅಲಹಾಬಾದಿನಲ್ಲಿ ಭಾರತೀಯ ಮಕ್ಕಳಿಗಾಗಿ ಬೇರೆ ಸಂಸ್ಥೆಗಳನ್ನು ಕಟ್ಟಿದರು. ಸ್ವಾತಂತ್ರ್ಯದ ನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು.

ಸೈನಿಕನ ನೆರಳಿಗಿಂತ ನನಗೆ ಹೆಚ್ಚು ಭಯವಿರುವುದು ನಮ್ಮ ಮನೆಗಳ 'ಶಿಸ್ತು' ಎಂಬ ಪದದ ಮೇಲೆ. "ಸ್ವಲ್ಪ ಶಿಸ್ತು ಕಲೀಲಿ ಅಂತ ಹಾಕಿದೀವಿ ಸಾರ್" ಎನ್ನುವ ಅಪ್ಪನಿಗೆ ಬೇಕಾದದ್ದು ಎದುರು ಮಾತಾಡದ ಮಗು. ಅವರು ಸ್ಕೌಟನ್ನು ಎನ್‌ಸಿಸಿಯ ಕಿರಿಯ ತಮ್ಮ ಎಂದುಕೊಂಡಿದ್ದಾರೆ. ಎನ್‌ಸಿಸಿ ರಕ್ಷಣಾ ಸಚಿವಾಲಯದ ಅಡಿಯಲ್ಲಿರುವುದು, ಅದರ ದಾರಿ ಬೇರೆ. ಪ್ಯಾಟ್ರೋಲ್‌ನಲ್ಲಿ ನಿಜವಾಗಿ ಬೆಳೆದ ಮಗು ಮನೆಗೆ ಬಂದು ಸುಮ್ಮನಿರುವುದಿಲ್ಲ. ಅಡುಗೆಮನೆಯಲ್ಲಿ ಅಮ್ಮ ಒಬ್ಬಳೇ ಏಕೆ ನಿಂತಿದ್ದಾಳೆ ಎಂದು ಕೇಳುತ್ತದೆ. ಅಲ್ಲಿ ಹುಡುಗರೇ ಪಾತ್ರೆ ಉಜ್ಜಿದ್ದಾರಲ್ಲ. ಆ ಪ್ರಶ್ನೆಗೆ ಅಪ್ಪ ಬೈದು ಬಾಯಿ ಮುಚ್ಚಿಸಿದರೆ, ಶಿಬಿರದ ಶುಲ್ಕ ಕಟ್ಟಿದ್ದು ದಂಡ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಬೆಂಬಲದ ಬಣ್ಣ ಪೂರ್ತಿ ಬಯಲಾಗುತ್ತದೆ. ಶಾಲೆಯ ಅಂಗಳದಲ್ಲಿ ನಡೆಯುವಷ್ಟು ದಿನ ಗೈಡ್ ಆಗಿರಲಿ, ತಿಳಿ ನೀಲಿ ಸಮವಸ್ತ್ರದ ಫೋಟೋ ಸ್ಟೇಟಸ್ಸಿಗೆ ಬರಲಿ. ರಾತ್ರಿ ಉಳಿಯುವ ಶಿಬಿರ ಎಂದೊಡನೆ ಜ್ವರ, ಊರಿನ ಜಾತ್ರೆ, ಟ್ಯೂಷನ್ ಪರೀಕ್ಷೆ. ಮುಟ್ಟು ಶುರುವಾದ ಮೇಲಂತೂ ಕೇಳುವುದೇ ಬೇಡ. ನಮ್ಮ ಕಂಪನಿಯಲ್ಲಿ ಎಂಟನೇ ತರಗತಿಯಲ್ಲಿ ಹದಿನಾಲ್ಕು ಹುಡುಗಿಯರಿದ್ದೆವು. ಹತ್ತನೇ ತರಗತಿಯ ಶಿಬಿರಕ್ಕೆ ಹೊರಟವರು ಮೂವರು. ಉಳಿದವರಲ್ಲಿ ನನಗಿಂತ ಚೆನ್ನಾಗಿ ದಿಕ್ಕು ಗುರುತಿಸುತ್ತಿದ್ದವಳೊಬ್ಬಳಿದ್ದಳು, ಮೋಡ ಕವಿದ ದಿನವೂ ಉತ್ತರ ಎಲ್ಲಿದೆ ಎಂದು ಹೇಳುತ್ತಿದ್ದಳು. ಅವಳ ಮನೆಯವರು ಮನೆಯಿಂದ ಬಸ್ ಸ್ಟ್ಯಾಂಡಿಗೆ ಕೂಡ ತಮ್ಮನ ಜೊತೆ ಮಾಡಿ ಕಳಿಸುತ್ತಿದ್ದರು. ತಮ್ಮನಿಗೆ ಆಗ ಏಳು ವರ್ಷ. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹುಡುಗರ ಸ್ಕೌಟ್ ಮೇಳ ನಡೆದಾಗ ಕರೆಯದಿದ್ದರೂ ಹುಡುಗಿಯರು ತಾವೇ ಹೋಗಿ ನಿಂತಿದ್ದರಿಂದ ಮರುವರ್ಷ ಗೈಡ್ಸ್ ಹುಟ್ಟಿತು. ನೂರು ವರ್ಷ ದಾಟಿದ ಮೇಲೂ ನಮ್ಮ ಹುಡುಗಿಯರು ನಿಂತಿರುವುದು ಮನೆಯ ಹೊಸ್ತಿಲಲ್ಲಿ, ಅಪ್ಪನ ಸಹಿಗಾಗಿ.

ಮಗಳನ್ನು ಕಳಿಸಲು ಭಯವಾಗುತ್ತದೆ ಎಂದರೆ ಆ ಭಯವನ್ನು ನಾನು ಹಗುರ ಮಾಡುವುದಿಲ್ಲ. ಮಗನ ವಿಷಯದಲ್ಲೂ ಭಯವಾಗಬೇಕು. ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದು 80 ಸಾವಿರಕ್ಕೂ ಹೆಚ್ಚು ಮಂದಿ ಪರಿಹಾರ ಕೇಳಿ ಮುಂದೆ ಬಂದರು. ಅವರಲ್ಲಿ ಬಹುಪಾಲು ಜನ ದಶಕಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಅವರ ಅಪ್ಪ ಅಮ್ಮಂದಿರು ಮಕ್ಕಳನ್ನು ಪ್ರೀತಿಸದವರೇನಲ್ಲ. ಬ್ಯಾಗ್ ತುಂಬಿ ಕಳಿಸಿದವರೇ, ಬ್ಯಾಡ್ಜ್ ಹೊಲಿದುಕೊಟ್ಟವರೇ. ನನ್ನ ಸಿಟ್ಟು ಇರುವುದು ಇಲ್ಲೇ. ಶಿಬಿರಕ್ಕೆ ಫೋನ್ ಮಾಡಿ "ಮೇಡಂ, ನಮ್ಮ ಪಾಪು ಹಾಲು ಕುಡಿದ್ಲಾ?" ಎಂದು ಮೂರು ಸಲ ಕೇಳುವವರು, ರಾತ್ರಿ ಮಕ್ಕಳ ಜೊತೆ ಎಷ್ಟು ಜನ ದೊಡ್ಡವರು ಇರುತ್ತಾರೆ ಎಂದು ಒಂದು ಸಲವೂ ಕೇಳುವುದಿಲ್ಲ. ಹುಡುಗಿಯರ ಜೊತೆ ಗೈಡ್ ಕ್ಯಾಪ್ಟನ್ ಪೂರ್ತಿ ಶಿಬಿರಕ್ಕೆ ಇರುತ್ತಾರೋ, ಹೊತ್ತು ಮುಳುಗಿದ ಮೇಲೆ ಊರಿಗೆ ಹೋಗಿಬಿಡುತ್ತಾರೋ? ಶೌಚಾಲಯ ಟೆಂಟಿನಿಂದ ಎಷ್ಟು ದೂರ, ದಾರಿಯಲ್ಲಿ ದೀಪವಿದೆಯೇ, ಬಾಗಿಲಿಗೆ ಚಿಲಕವಿದೆಯೇ? ಹಾವು ಕಚ್ಚಿದರೆ ಔಷಧಿ ಇರುವ ಆಸ್ಪತ್ರೆ ಯಾವುದು, ಗಾಡಿ ಯಾವುದು? ಕೆರೆಗೆ ಇಳಿಸುವುದಾದರೆ ಈಜು ಬರುವ ದೊಡ್ಡವರು ಯಾರು? ಇವು ಕೇಳಿದರೆ ಮೇಷ್ಟ್ರು ಬೇಸರ ಮಾಡಿಕೊಳ್ಳುತ್ತಾರೆ ಎಂಬ ಸಂಕೋಚ ಬೇಡ, ಒಳ್ಳೆಯ ಮೇಷ್ಟ್ರು ಪಟ್ಟಿ ಮಾಡಿಕೊಂಡೇ ಬಂದಿರುತ್ತಾರೆ. ಬೇಸರ ಮಾಡಿಕೊಳ್ಳುವವರ ಜೊತೆ ಮಗುವನ್ನು ಕಳಿಸಬೇಕಿಲ್ಲ.

ಮಗುವಿನ ಹತ್ತಿರವೂ ಒಂದು ಮಾತು ಆಡಿರಬೇಕು. ಇದನ್ನು ಮನೆಯಲ್ಲಿ ಹೇಳಬೇಡ ಎಂದು ಯಾರಾದರೂ ದೊಡ್ಡವರು ಹೇಳಿದರೆ ಅದನ್ನೇ ಮೊದಲು ಹೇಳು, ನಾವು ಬೈಯುವುದಿಲ್ಲ ಎಂದು. ಈ ಮಾತು ನಂಬುವಂತಿರಬೇಕಾದರೆ ಬಿದ್ದುಹೋದ ಟೆಂಟಿಗೆ, ಕಳೆದುಹೋದ ಟಾರ್ಚಿಗೆ ಬೈಯ್ದಿರಬಾರದು. ಸಣ್ಣದನ್ನು ಹೇಳಿ ಏಟು ತಿಂದ ಮಗು ದೊಡ್ಡದನ್ನು ಹೇಳಲು ಬರುವುದಿಲ್ಲ.

ಇಷ್ಟೆಲ್ಲ ಹೇಳುವಾಗ ಒಂದು ಕಡೆ ಅಪ್ಪ ಅಮ್ಮಂದಿರ ಪರವಾಗಿಯೂ ನಿಲ್ಲಬೇಕಾಗುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಅಮ್ಮನಿಗೆ ಶನಿವಾರವೂ ರಜೆಯಿಲ್ಲ. ಸಮವಸ್ತ್ರ, ಬೆಲ್ಟು, ಬೂಟು, ಶಿಬಿರದ ಶುಲ್ಕ, ಬಸ್ಸಿನ ಖರ್ಚು ಸೇರಿದರೆ ಒಂದು ವಾರದ ದುಡಿಮೆ ಹೋಗುತ್ತದೆ. ಕೊಳ್ಳಲಾಗದ ಮನೆಯ ಮಗು ನನಗಿಷ್ಟ ಇಲ್ಲ ಎಂದು ಸುಳ್ಳು ಹೇಳಿ ಹೊರಗೆ ಉಳಿಯುತ್ತದೆ. ಆ ಸುಳ್ಳು ಮೇಷ್ಟ್ರಿಗೂ ಗೊತ್ತು, ತರಗತಿಗೂ ಗೊತ್ತು. ಮೇಲಿನ ತರಗತಿಗೆ ಹೋದವರ ಅಂಗಿ ಕೆಳಗಿನವರಿಗೆ ಬರುವ ಹಾಗೆ ಶಾಲೆಯಲ್ಲೊಂದು ಕಬೋರ್ಡ್ ಇಡಲು ಎಷ್ಟು ಖರ್ಚು? ಬಟ್ಟೆಯ ಬಣ್ಣ ಸ್ವಲ್ಪ ಮಾಸಿದ್ದರೆ ಇನ್‌ಸ್ಪೆಕ್ಷನ್ನಿನ ದಿನ ಯಾರೂ ಸಾಯುವುದಿಲ್ಲ. ಮಗನಿಗೆ ಮೂರನೇ ಜೊತೆ ಬೂಟು ಕೊಡಿಸುವ ಡಾಕ್ಟರ್ ಅಪ್ಪ ತನ್ನ ಮಗನ ಪ್ಯಾಟ್ರೋಲಿನ ಇನ್ನಿಬ್ಬರು ಮಕ್ಕಳ ಬಸ್ ಚಾರ್ಜು ಕೊಟ್ಟರೆ, ಹೆಸರು ಹೇಳಿಸಿಕೊಳ್ಳದೆ ಕೊಟ್ಟರೆ, ಅದು ತನ್ನ ಮಗನಿಗೇ ಕೊಟ್ಟ ಬೆಂಬಲ. ಎಂಟು ಜನರ ಟೆಂಟಿನಲ್ಲಿ ಐವರು ಮಲಗಿದರೆ ಅವನಿಗೇ ಚಳಿ.

ಮೇಷ್ಟ್ರ ಕಡೆಯೂ ಒಮ್ಮೆ ನೋಡಿ. ಸರ್ಕಾರಿ ಶಾಲೆಯಲ್ಲಿ ಸ್ಕೌಟ್ ಮಾಸ್ಟರ್ ಆಗಿರುವವರು ಅದೇ ವಾರ ಗಣಿತ ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಚುನಾವಣೆಯ ಕೆಲಸಕ್ಕೂ ಓಡಿ, ಉಳಿದ ಹೊತ್ತಿನಲ್ಲಿ ಈ ಮಕ್ಕಳನ್ನು ಕಟ್ಟಿಕೊಂಡು ಗುಡ್ಡಕ್ಕೆ ಹೋಗುತ್ತಾರೆ. ಇಬ್ಬರೇ ದೊಡ್ಡವರು ನಲವತ್ತು ಮಕ್ಕಳನ್ನು ಕಾಯುವ ಶಿಬಿರ ಸುರಕ್ಷಿತವಾಗಿರಬೇಕು ಎಂದು ಮನೆಯಲ್ಲಿ ಕೂತು ಬಯಸುವುದು ಸುಲಭ. ಒಬ್ಬ ಅಪ್ಪ, ಒಬ್ಬ ಅಮ್ಮ ಸರದಿಯ ಮೇಲೆ ಒಂದು ರಾತ್ರಿ ಅಲ್ಲಿರಲಿ. ಸೌದೆ ಹೊರಲಿ, ನೀರು ಕಾಯಿಸಲಿ, ರಾತ್ರಿ ಎರಡಕ್ಕೆ ಶೌಚಾಲಯದ ದಾರಿಯಲ್ಲಿ ಟಾರ್ಚ್ ಹಿಡಿದು ಕೂರಲಿ. ಕರಾರು ಒಂದೇ: ತನ್ನ ಮಗು ಇರುವ ಪ್ಯಾಟ್ರೋಲ್ ಕಡೆ ಹೋಗುವಂತಿಲ್ಲ. ಅಲ್ಲಿ ಅನ್ನ ಬೇಯದೆ ಉಳಿದಿದೆ ಎಂದು ಹೊಗೆ ನೋಡಿದರೇ ಗೊತ್ತಾಗುತ್ತಿದ್ದರೂ, ಪಕ್ಕದ ಪ್ಯಾಟ್ರೋಲಿನ ಮಕ್ಕಳಿಗೆ ಸೌದೆ ಸೀಳಿಕೊಟ್ಟು ಸುಮ್ಮನೆ ವಾಪಸು ಬರಬೇಕು.